ಪಾರ್ಕಿಗೆ ಕಾಂಕ್ರೀಟ್ ಬರುವ ಮುಂಚೆ ನಮ್ಮ ಮಾತನ್ನು ಯಾರ ಹತ್ತಿರ ಹೇಳಬೇಕು? (ದಾವಣಗೆರೆ)

ಹೊಂಗೆ ನೆರಳು ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿ ಸುಮಾರು ಅರ್ಧ ಎಕರೆಯ ಪಾರ್ಕ್ ಇದೆ. ಪಾರ್ಕ್ ಅಂದರೆ ದೊಡ್ಡದೇನಲ್ಲ. ಒಂಬತ್ತು ಹೊಂಗೆ ಮರ, ಎರಡು ಬೇವು, ಒಂದು ಮುರಿದ ಜಾರುಬಂಡಿ, ಉಳಿದದ್ದೆಲ್ಲ ಮಣ್ಣು. ಸಂಜೆ ಐದಕ್ಕೆ ಅಜ್ಜಿಯರು ಬಂದು ಕೂರುತ್ತಾರೆ, ಮಕ್ಕಳು ಆಡುತ್ತಾರೆ. ಏಪ್ರಿಲ್ ಬಿಸಿಲಲ್ಲೂ ಅಲ್ಲಿ ಕಾಲಿಟ್ಟರೆ ತಣ್ಣಗಿರುತ್ತದೆ.

ಹೋದ ವಾರ ಇಬ್ಬರು ಟೇಪು ಹಿಡಿದು ಅಳತೆ ಮಾಡಿಕೊಂಡು ಹೋದರು. ಕೇಳಿದರೆ "ಅಭಿವೃದ್ಧಿ ಕೆಲಸ" ಎಂದರು. ಪೂರ್ತಿ ಪೇವರ್ಸ್ (ನೆಲಕ್ಕೆ ಜೋಡಿಸುವ ಸಿಮೆಂಟ್ ಇಟ್ಟಿಗೆ), ನಡುವೆ ಕಾರಂಜಿ, ಬಾಗಿಲಿಗೆ ಕಮಾನು. ಪಕ್ಕದಲ್ಲಿ ಹರಿಯುವ ಮಳೆನೀರಿನ ಕಾಲುವೆಯ ಮೇಲೆ ಸ್ಲ್ಯಾಬ್ ಹಾಕಿ ವಾಹನ ನಿಲ್ಲಿಸುವ ಜಾಗವಂತೆ.

ನನಗೆ ಭಯ ಯಾಕೆಂದರೆ ನಮ್ಮ ರಸ್ತೆಯ ಕಥೆ. ಹಳೇ ಡಾಂಬರು ಕೆರೆಯದೆ ಅದರ ಮೇಲೇ ಮತ್ತೆ ಮತ್ತೆ ಹಾಕಿ, ಈಗ ರಸ್ತೆ ನಮ್ಮ ಹೊಸ್ತಿಲಿಗಿಂತ ಒಂದು ಗೇಣು ಮೇಲಿದೆ. ಜೋರು ಮಳೆ ಬಂದ ರಾತ್ರಿ ನೀರು ಅಡುಗೆಮನೆಗೇ ನುಗ್ಗಿ ಅಕ್ಕಿ ಮೂಟೆ ಪೂರ್ತಿ ನೆನೆಯಿತು. ಆಗ ನಾವು ಹತ್ತು ಮನೆಯವರು ಸೇರಿ ಕೇಳಿದ್ದೆವು, ಆದರೆ ಕೇಳಿದ್ದು ಜೆಸಿಬಿ ಬಂದು ನಿಂತ ದಿನ. "ವರ್ಕ್ ಆರ್ಡರ್ ಆಗಿದೆ, ಈಗ ಏನೂ ಮಾಡೋಕಾಗಲ್ಲ" ಎಂದರು. ಮತ್ತೆ ಹಾಗಾಗಬಾರದು.

ನಾನು ಪಾರ್ಕ್ ಕೆಲಸವೇ ಬೇಡ ಅನ್ನುತ್ತಿಲ್ಲ. ಎಲ್ಲಿ, ಯಾವಾಗ, ಯಾವ ರೀತಿ ಹೇಳಿದರೆ ನಮ್ಮ ಮಾತು ಲೆಕ್ಕಕ್ಕೆ ಬರುತ್ತದೆ? ಇನ್ನೊಂದು ತೊಡಕು: ನಮ್ಮ ಬೀದಿಯಲ್ಲೇ ನಾಲ್ಕೈದು ಮನೆಯವರಿಗೆ ಪೇವರ್ಸ್ ಬೇಕು. ಕೆಸರು, ಹಾವು ಎನ್ನುತ್ತಾರೆ. ಅವರಿಗೆ ಏನು ಹೇಳಲಿ?

ನಿವೃತ್ತ ಜೆ.ಇ. ಉತ್ತರ:

ನೀವು ಸರಿಯಾದ ಹೊತ್ತಿಗೆ ಕೇಳಿದ್ದೀರಿ. ನಾನು ಬೇರೆ ಜಿಲ್ಲೆಯಲ್ಲಿ ಜೂನಿಯರ್ ಇಂಜಿನಿಯರ್ (ಜೆ.ಇ.) ಆಗಿ ಇದೇ ಕೆಲಸದಲ್ಲಿದ್ದವನು. ಒಂದು ಕಾಮಗಾರಿಯ ದಾರಿ ಹೀಗಿರುತ್ತದೆ. ಮೊದಲು ಅಳತೆ, ಆಮೇಲೆ ಎಸ್ಟಿಮೇಟ್ (ಖರ್ಚಿನ ಅಂದಾಜು) ಮತ್ತು ನಕ್ಷೆ, ಆಮೇಲೆ ತಾಂತ್ರಿಕ ಮಂಜೂರಾತಿ, ಆಮೇಲೆ ಟೆಂಡರ್, ಕೊನೆಗೆ ಗುತ್ತಿಗೆದಾರನಿಗೆ ಕೆಲಸ ಶುರು ಮಾಡಲು ಕೊಡುವ ವರ್ಕ್ ಆರ್ಡರ್. ಟೇಪು ಹಿಡಿದು ಬಂದಿದ್ದಾರೆ ಎಂದರೆ ಎಸ್ಟಿಮೇಟ್ ಇನ್ನೂ ಟೇಬಲ್ ಮೇಲಿದೆ. ಈಗ ಒಂದು ಗೆರೆ ಬದಲಿಸುವುದು ಇಂಜಿನಿಯರಿಗೆ ಅರ್ಧ ದಿನದ ಕೆಲಸ. ವರ್ಕ್ ಆರ್ಡರ್ ಆದ ಮೇಲೆ ಅದೇ ಗೆರೆ ಬದಲಿಸಬೇಕಾದರೆ ಗುತ್ತಿಗೆದಾರ, ಮೇಲಧಿಕಾರಿ, ಲೆಕ್ಕ ತಪಾಸಣೆ ಎಲ್ಲಾ ಅಡ್ಡ ಬರುತ್ತದೆ. ಯಾರೂ ಮೈಮೇಲೆ ಹಾಕಿಕೊಳ್ಳುವುದಿಲ್ಲ.

ಆದ್ದರಿಂದ ಈ ವಾರವೇ ಲಿಖಿತವಾಗಿ ಕೊಡಿ. ಬಾಯಿಮಾತು ಬೇಡ. ಪಾಲಿಕೆ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಎಸ್ಟಿಮೇಟ್ ಮತ್ತು ನಕ್ಷೆಯ ಪ್ರತಿ ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಪಾರ್ಕಿಗೂ ರಸ್ತೆಗೂ ಬೇರೆ ಬೇರೆ ಅರ್ಜಿ ಹಾಕಿ. ಟೆಂಡರ್ ಕರೆದ ಮೇಲೆ ಅದು ರಾಜ್ಯದ ಇ-ಸಂಗ್ರಹಣೆ ಜಾಲತಾಣದಲ್ಲಿ ಬರುತ್ತದೆ, ಅದನ್ನೂ ನೋಡುತ್ತಿರಿ.

ಕಾಗದದಲ್ಲಿ ಏನು ಬರೆಯಬೇಕು ಎನ್ನುವುದು ಮುಖ್ಯ. "ಪರಿಸರ ಉಳಿಸಿ" ಎಂದು ಬರೆದರೆ ಓದಿ ಫೈಲಿಗೆ ಸೇರಿಸುತ್ತಾರೆ. ಲೆಕ್ಕ ಬರೆಯಿರಿ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲೆ 10 ಮಿ.ಮೀ. ಮಳೆ ಬಿದ್ದರೆ 40 ಸಾವಿರ ಲೀಟರ್ ನೀರು. ನಿಮ್ಮ ಅರ್ಧ ಎಕರೆಗೆ 20 ಸಾವಿರ, ಅಂದರೆ 5 ಸಾವಿರ ಲೀಟರಿನ ನಾಲ್ಕು ಟ್ಯಾಂಕರ್. ಮಣ್ಣಿದ್ದರೆ ಅದರಲ್ಲಿ ಎಷ್ಟೋ ಪಾಲು ಕೆಳಗಿಳಿಯುತ್ತದೆ. ಪೂರ್ತಿ ಮುಚ್ಚಿದರೆ ಹೆಚ್ಚುಕಡಿಮೆ ಅಷ್ಟೂ ರಸ್ತೆಗೆ ಬರುತ್ತದೆ, ನಿಮ್ಮ ರಸ್ತೆ ಮೊದಲೇ ಹೊಸ್ತಿಲಿಗಿಂತ ಮೇಲಿದೆ. ಇಷ್ಟು ಬರೆದು, ನೀರು ನುಗ್ಗಿದ ದಿನದ ಫೋಟೋ ಇಡಿ.

ಮರದ ವಿಷಯಕ್ಕೆ ಇದನ್ನೂ ಸೇರಿಸಿ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಪ್ರಕರಣದಲ್ಲಿ ಮರದ ಬುಡದ ಸುತ್ತ ಒಂದು ಮೀಟರ್‌ವರೆಗೆ ಕಾಂಕ್ರೀಟ್ ತೆಗೆಯಬೇಕು ಎಂದು ಹೇಳಿದೆ. ಆ ಆದೇಶ ದೆಹಲಿಗೆ ಕೊಟ್ಟದ್ದು, ನಿಜ. ಆದರೆ ಕಾರಣ ಎಲ್ಲ ಮರಕ್ಕೂ ಒಂದೇ. ಬೇರಿಗೆ ನೀರು, ಗಾಳಿ ಬೇಕು.

ಕಾಲುವೆಯ ಮೇಲೆ ಸ್ಲ್ಯಾಬ್ ಮಾತ್ರ ಖಂಡಿತ ಒಪ್ಪಬೇಡಿ. ಹೂಳು ಎತ್ತಲು ಆಗುವುದಿಲ್ಲ. ಎರಡೇ ಮಳೆಗಾಲದಲ್ಲಿ ಕಟ್ಟಿಕೊಳ್ಳುತ್ತದೆ, ಎಲ್ಲಿ ಕಟ್ಟಿದೆ ಎಂದು ನೋಡುವುದಕ್ಕೂ ಬರುವುದಿಲ್ಲ.

ಎಂಟನೇ ಕ್ರಾಸ್ ಅಕ್ಕ ಉತ್ತರ:

ಸರ್ ಹೇಳಿದ್ದು ಎಲ್ಲಾ ಸರಿ. ಆದರೆ ಕಾಗದ ಬರೆಯುವ ಮುಂಚೆ ಒಂದು ಕೆಲಸ ಇದೆ ಅಂತ ನನ್ನ ಅನಿಸಿಕೆ. ಪೇವರ್ಸ್ ಬೇಕು ಎನ್ನುವವರ ಮನೆಗೆ ಹೋಗಿ ಕೂತು ಮಾತಾಡಿ. ಅವರಿಗೆ ಏನು ಹೇಳಲಿ ಎಂದು ಕೇಳಿದ್ದೀರಿ ಅಲ್ವಾ, ಮೊದಲು ಅವರು ಹೇಳುವುದನ್ನು ಕೇಳಿ. ಕೆಸರಿನ ತೊಂದರೆ ಸುಳ್ಳಲ್ಲ. ಕೈಯಲ್ಲಿ ಕೋಲು ಹಿಡಿದು ನಡೆಯುವ ಅತ್ತೆ ಇದ್ದರೆ ಮಳೆಗಾಲದಲ್ಲಿ ಆ ಮಣ್ಣಿನಲ್ಲಿ ಹೇಗೆ ಕಾಲಿಡಬೇಕು?

ನಮ್ಮಲ್ಲೂ ಇದೇ ರೀತಿ ಬಂದಿತ್ತು. ಸಭೆ ಕರೆದದ್ದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಹೆಂಗಸರು ಅಡುಗೆಯಲ್ಲಿ, ದುಡಿಯುವವರು ಕೆಲಸದಲ್ಲಿ, ಮಕ್ಕಳು ಶಾಲೆಯಲ್ಲಿ. ಹನ್ನೆರಡು ಜನ ಬಂದಿದ್ದರು, ಹನ್ನೆರಡೂ ಗಂಡಸರೇ. ಆಗ ನಾವು ಮೂವರು ಸಂಜೆ ಹೊತ್ತು ಮನೆ ಮನೆಗೆ ಹೋದೆವು. ಭಾನುವಾರ ಪಾರ್ಕಿನ ನೆಲದ ಮೇಲೇ ರಂಗೋಲಿ ಪುಡಿಯಲ್ಲಿ ನಕ್ಷೆ ಬರೆದು, "ಇಲ್ಲಿ ಏನಿದ್ದರೆ ಚೆಂದ?" ಎಂದು ಎಲ್ಲರನ್ನೂ ಕೇಳಿದೆವು. ಕಾರಂಜಿ ಬೇಕು ಎಂದವರು ಒಬ್ಬರೂ ಇಲ್ಲ! ಅಜ್ಜಿಯರಿಗೆ ಬೆನ್ನು ಒರಗಿಸುವ ಬೆಂಚು ಬೇಕಿತ್ತು. ಕಾಲೇಜು ಹುಡುಗಿಯರಿಗೆ ಹಿಂದಿನ ಮೂಲೆಯಲ್ಲಿ ಒಂದು ದೀಪ. ಮಕ್ಕಳಿಗೆ ಮಣ್ಣೇ ಬೇಕು, ಬಿದ್ದರೆ ಪೆಟ್ಟಾಗುವುದಿಲ್ಲ ಎಂದರು. ನಾನು ಇಪ್ಪತ್ತು ವರ್ಷ ಅದೇ ಪಾರ್ಕಿನ ಎದುರು ಇದ್ದವಳು, ಆ ಮೂಲೆ ಕತ್ತಲು ಎಂದು ಅವತ್ತೇ ನನಗೆ ಗೊತ್ತಾಗಿದ್ದು.

ಗೇಟಿನ ಹತ್ತಿರ ಸೊಪ್ಪಿನ ಗಾಡಿ, ಮಂಡಕ್ಕಿ ಗಾಡಿಯವರು ಇದ್ದರೆ ಅವರನ್ನು ಬಿಡಬೇಡಿ. ಕಮಾನು ಬಂದರೆ ಮೊದಲು ಎಬ್ಬಿಸುವುದು ಅವರನ್ನೇ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ, ಬೀದಿ ವ್ಯಾಪಾರದ ವಿಷಯ ನೋಡುವ ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಸಂಜೆ ಏಳೂವರೆಗೆ ಅಲ್ಲಿ ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುವುದು ಆ ಗಾಡಿಗಳ ಬೆಳಕಿನಲ್ಲೇ.

ಹಳೇ ಊರು ಉತ್ತರ:

ಬೇಜಾರು ಮಾಡಿಕೊಳ್ಳಬೇಡಿ, ನಾನು ಸ್ವಲ್ಪ ನೇರವಾಗಿ ಹೇಳುತ್ತೇನೆ. ಇದೆಲ್ಲಾ ನಾನೂ ಮಾಡಿದ್ದೇನೆ. ಹಿಂದೆ ಒಂದು ಯೋಜನೆಗೆ ಅಭಿಪ್ರಾಯ ಕೇಳಿದಾಗ ಎರಡು ಪುಟ ಬರೆದುಕೊಟ್ಟೆ. ಅದನ್ನು ಒಪ್ಪಿದರೋ, ಬಿಟ್ಟರೋ, ಓದಿದರೋ ಇಲ್ಲವೋ, ಇವತ್ತಿನವರೆಗೂ ಒಂದು ಸಾಲು ಉತ್ತರ ಇಲ್ಲ. ಮನಸ್ಸಿಗೆ ತುಂಬಾ ನೋವಾಯಿತು. ಸುಮ್ನೆ ಸಹಿ ಹಾಕಿಸಿಕೊಂಡು "ಜನರನ್ನು ಕೇಳಿದೆವು" ಎಂದು ತೋರಿಸುವುದಕ್ಕೆ ನಾವು ಯಾಕೆ ಹೋಗಬೇಕು?

ನಿವೃತ್ತ ಜೆ.ಇ. ಉತ್ತರ:

ನಿಮ್ಮ ಬೇಸರ ಅರ್ಥವಾಗುತ್ತದೆ. ಯೋಜನೆ ಶುರುವಾಗುವಾಗ ಒಂದು ಸಲ ಕೇಳಿದರೆ ಸಾಲದು ಎನ್ನುವುದೇ ನನ್ನ ಮಾತೂ. 2016ರ ಜನವರಿಯಲ್ಲಿ ಕೇಂದ್ರದ ಸ್ಮಾರ್ಟ್ ಸಿಟಿ ಮಿಷನ್‌ನ ಮೊದಲ 20 ನಗರಗಳಲ್ಲಿ ದಾವಣಗೆರೆ ಆಯ್ಕೆಯಾಯಿತು. ಆ ಪ್ರಸ್ತಾವ ತಯಾರಿಸುವಾಗ ಜನರ ಅಭಿಪ್ರಾಯ ಪಡೆಯಬೇಕು ಎಂದು ಮಾರ್ಗಸೂಚಿಯಲ್ಲೇ ಇತ್ತು. ಆದರೆ ಆ ಮಿಷನ್ 2025ರ ಮಾರ್ಚಿಗೆ ಮುಗಿಯಿತು. ಯೋಜನೆ ಮುಗಿದರೂ ಊರು ಇರುತ್ತದೆ. ಊರಿಗೆ ಪ್ರತಿ ತಿಂಗಳು ಕೂತು ಮಾತಾಡುವ ಸಭೆ ಬೇಕು.

ಅದು ಕಾನೂನಿನಲ್ಲಿ ಇದೆ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನಸಂಖ್ಯೆಯ ನಗರದಲ್ಲಿ ವಾರ್ಡ್ ಸಮಿತಿ ಇರಲೇಬೇಕು ಎನ್ನುತ್ತದೆ. 2011ರ ಜನಗಣತಿಯಲ್ಲೇ ದಾವಣಗೆರೆ 4.3 ಲಕ್ಷ ದಾಟಿದೆ. ನಮ್ಮ ರಾಜ್ಯದ ಪಾಲಿಕೆ ಕಾಯ್ದೆ ಪ್ರಕಾರ ವಾರ್ಡಿನ ಕಾರ್ಪೊರೇಟರ್ ಸಮಿತಿಯ ಅಧ್ಯಕ್ಷರು, ಜೊತೆಗೆ 10 ಜನ. ಅದರಲ್ಲಿ ಕನಿಷ್ಠ 3 ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದ ಕನಿಷ್ಠ 2 ಜನ, ನಿವಾಸಿಗಳ ಸಂಘದಿಂದ ಕನಿಷ್ಠ 2 ಜನ. ನಿಮ್ಮ ವಾರ್ಡಿನ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆಯ ನಡಾವಳಿ (ಸಭೆಯಲ್ಲಿ ಆದದ್ದರ ಬರಹ) ಎಲ್ಲಿ ಎಂದು ಕೇಳಿ. ಇದಕ್ಕೇ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ನಡಾವಳಿಯಲ್ಲಿ ಬರೆದ ಮಾತಿಗೆ ಉತ್ತರ ಕೇಳಬಹುದು, ಅಭಿಪ್ರಾಯ ಪೆಟ್ಟಿಗೆಗೆ ಹಾಕಿದ ಚೀಟಿಗೆ ಕೇಳುವುದು ಕಷ್ಟ.

ದುರ್ಗದ ಹುಡುಗಿ ಉತ್ತರ:

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ನಮ್ಮದು ನಗರಸಭೆ. ಜನಸಂಖ್ಯೆ 3 ಲಕ್ಷಕ್ಕಿಂತ ಕಡಿಮೆ, ಹಾಗಾಗಿ ಸರ್ ಹೇಳಿದ ಆ ಕಡ್ಡಾಯ ನಮಗೆ ಬರುವುದಿಲ್ಲ. ಆದರೂ ದಾರಿ ಇದೆ. ಪ್ರತಿ ವರ್ಷ ಬಜೆಟ್ ಪೂರ್ವಭಾವಿ ಸಭೆ ಕರೆಯುತ್ತಾರೆ, ಯಾರು ಬೇಕಾದರೂ ಹೋಗಬಹುದು. ಪತ್ರಿಕೆಯ ಒಳಪುಟದಲ್ಲಿ ಸಣ್ಣದಾಗಿ ಬಂದಿರುತ್ತದೆ, ಹುಡುಕಬೇಕು ಅಷ್ಟೇ. ಇನ್ನು ಯಾವ ಜಾಗ ಯಾವ ಬಳಕೆಗೆ ಎಂದು ಬಣ್ಣದಲ್ಲಿ ತೋರಿಸುವ ಊರಿನ ಮಾಸ್ಟರ್ ಪ್ಲಾನ್ ಇದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ತಾತ್ಕಾಲಿಕ ನಕ್ಷೆ ಪ್ರಕಟವಾದ ಮೇಲೆ 60 ದಿನ ಜನರ ಆಕ್ಷೇಪಣೆಗೆ ಸಮಯ. ಯಾವ ಕೆರೆ ಅಂಗಳ ಯಾವ ಬಣ್ಣಕ್ಕೆ ತಿರುಗಿತು, ಉದ್ಯಾನದ ಹಸಿರು ಹೋಗಿ ವಸತಿಯ ಹಳದಿ ಆಯಿತಾ ಎಂದು ನೋಡಬೇಕಾದ ದಿನಗಳು ಅವೇ. ದಾವಣಗೆರೆಯಲ್ಲಾದರೆ ಆ ಕೆಲಸ ದೂಡಾದ್ದು, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರದ್ದು.

ಕಾಲುವೆ ಮುಚ್ಚುವ ಮಾತು ಓದಿ ನನಗೆ ನಮ್ಮ ಕೋಟೆ ನೆನಪಾಯಿತು. ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಸಿಹಿನೀರು ಹೊಂಡ, ಆಮೇಲೆ ಊರೊಳಗಿನ ಸಂತೆಹೊಂಡ. ಒಂದು ತುಂಬದೆ ಇನ್ನೊಂದಕ್ಕೆ ಹೋಗುವುದಿಲ್ಲ. ನಡುವೆ ಒಂದು ಕಡೆ ದಾರಿ ಕಟ್ಟಿದರೆ ಕೆಳಗಿನವರಿಗೆ ನೀರಿಲ್ಲ. ನಿಮ್ಮ ಪಾರ್ಕಿನ ಪಕ್ಕದ ಕಾಲುವೆ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ನಡೆದು ನೋಡಿ, ಅಣ್ಣಾ. ಕೆಳಗಿನ ಬೀದಿಯವರೂ ನಿಮ್ಮ ಜೊತೆ ಸಹಿ ಹಾಕಬೇಕಾದವರು. ಸ್ಲ್ಯಾಬ್ ಬಂದರೆ ಮೊದಲು ಮುಳುಗುವುದು ಯಾರ ಮನೆ ಎಂದು ಆಗ ಗೊತ್ತಾಗುತ್ತದೆ.

ಹೊಂಗೆ ನೆರಳು ಉತ್ತರ (ಹದಿನೆಂಟು ದಿನದ ನಂತರ):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆದದ್ದು ಹೇಳುತ್ತೇನೆ.

ಕಾಲುವೆಯ ಜೊತೆ ನಡೆದು ನೋಡಿದೆವು. ಕೆಳಗೆ ಮೂರು ಬೀದಿ ದಾಟಿ ಒಂದು ತಗ್ಗು, ಅಲ್ಲಿ ಶೀಟಿನ ಮನೆಗಳು. ಅಲ್ಲಿನ ಒಬ್ಬ ಅಮ್ಮ, ಮಳೆ ಜೋರಾದರೆ ರಾತ್ರಿ ನಿದ್ದೆ ಮಾಡುವುದಿಲ್ಲ ಎಂದರು. ನಮ್ಮ ಪಾರ್ಕ್ ಯಾವುದು ಎಂದೇ ಅವರಿಗೆ ಗೊತ್ತಿರಲಿಲ್ಲ. ಈಗ ಅರ್ಜಿಯಲ್ಲಿ 64 ಸಹಿ, ಅದರಲ್ಲಿ 22 ಆ ತಗ್ಗಿನವು.

ಪೇವರ್ಸ್ ಬೇಕೆಂದಿದ್ದ ಮನೆಗಳಿಗೂ ಹೋದೆ. ಅವರಿಗೆ ಬೇಕಿದ್ದದ್ದು ಮಳೆಗಾಲದಲ್ಲಿ ಜಾರದ ಒಂದು ದಾರಿ. ಸುತ್ತ ಐದು ಅಡಿ ಅಗಲದ ನಡೆಯುವ ದಾರಿಗೆ ಮಾತ್ರ ಪೇವರ್ಸ್, ಉಳಿದದ್ದು ಮಣ್ಣು, ಮರದ ಸುತ್ತ ಒಂದು ಮೀಟರ್ ಖಾಲಿ ಎಂದು ಬರೆದೆವು. ಅವರೂ ಸಹಿ ಹಾಕಿದರು. ಹಾವಿನ ಮಾತಿಗೆ, ಮೂಲೆಯಲ್ಲಿ ರಾಶಿ ಬಿದ್ದಿದ್ದ ಕಲ್ಲು, ಕಸ ಎತ್ತಿಸಿದೆವು.

ಇಂಜಿನಿಯರ್ ಅರ್ಜಿ ಓದಿ, 20 ಸಾವಿರ ಲೀಟರ್ ಲೆಕ್ಕದ ಹತ್ತಿರ ಪೆನ್ನಿನಲ್ಲಿ ಗುರುತು ಹಾಕಿಕೊಂಡರು. ಸ್ಲ್ಯಾಬ್ ಕೈಬಿಡುವುದಾಗಿ ಹೇಳಿದ್ದಾರೆ, ಲಿಖಿತವಾಗಿ ಇನ್ನೂ ಬಂದಿಲ್ಲ. ಕಾರಂಜಿ ನಕ್ಷೆಯಲ್ಲಿ ಹಾಗೇ ಇದೆ, ಅದರ ಬದಲು ಬೆಂಚು ಮತ್ತು ದೀಪ ಕೇಳಿದ್ದೇವೆ. ಶನಿವಾರ ಸಂಜೆ ಆರಕ್ಕೆ ಪಾರ್ಕಿನಲ್ಲೇ ಬಂದು ಮಾತಾಡಲು ಒಪ್ಪಿದ್ದಾರೆ. ವಾರ್ಡ್ ಸಮಿತಿಯ ಬಗ್ಗೆ ಅರ್ಜಿ ಹಾಕಿದ್ದೇನೆ, ಉತ್ತರಕ್ಕೆ ಇನ್ನೂ ದಿನ ಇದೆ. ಹಳೇ ಊರು ಅವರೇ, ನೀವು ಶನಿವಾರ ಬರುವುದಾದರೆ ತುಂಬಾ ಖುಷಿ. ಮೊದಲೇ ಇದನ್ನೆಲ್ಲ ಕಂಡವರು ಒಬ್ಬರು ಜೊತೆಗಿದ್ದರೆ ನಮಗೆ ಧೈರ್ಯ.

ಇನ್ನೊಂದು ಪ್ರಶ್ನೆ. ಹೊಂಗೆ ಮರದ ದಟ್ಟ ನೆರಳಿನಲ್ಲಿ, ಮಕ್ಕಳು ತುಳಿದರೂ ಉಳಿಯುವ ಹುಲ್ಲು ಯಾವುದಾದರೂ ಇದೆಯಾ? ಶನಿವಾರದೊಳಗೆ ಗೊತ್ತಾದರೆ ಎಸ್ಟಿಮೇಟಿಗೆ ಸೇರಿಸಿ ಎಂದು ಕೇಳಬಹುದು.