ಹೆಡ್ ಗ್ಯಾಸ್ಕೆಟ್ ಎರಡನೇ ಸಲ ಹೋಗಿದೆ: ಎಂಜಿನ್ ಮತ್ತೆ ಬಿಚ್ಚಿಸುವ ಮೊದಲು ಏನೇನು ನೋಡಿಸಬೇಕು?

ಪ್ರಶ್ನೆ: ಶಹಾಪುರದಿಂದ

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಪೆಟ್ರೋಲ್ ಕಾರು, 1,10,000 ಕಿ.ಮೀ. ಓಡಿದೆ. ಮೇ ತಿಂಗಳಲ್ಲಿ ತಾಯಿಯವರನ್ನು ಕಲಬುರಗಿಯ ಆಸ್ಪತ್ರೆಗೆ ತೋರಿಸಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಎಸಿ ಹಾಕಿಕೊಂಡು ಮರಳುತ್ತಿದ್ದಾಗ, ಕಟ್ಟಿಸಂಗಾವಿಯ ಭೀಮಾ ಸೇತುವೆ ದಾಟುವ ಹೊತ್ತಿಗೆ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಜೇವರ್ಗಿ ಹತ್ತಿರದಲ್ಲೇ ಇದೆಯೆಂದು ನಿಲ್ಲಿಸದೆ ಓಡಿಸಿದೆ. ಸ್ವಲ್ಪ ದೂರ ಹೋದ ಮೇಲೆ ಮುಳ್ಳು ತಾನಾಗಿಯೇ ಕೆಳಗಿಳಿದದ್ದನ್ನು ಕಂಡು ಧೈರ್ಯವೂ ಬಂದಿತು, ಆದರೆ ಊರು ಮುಟ್ಟುವ ಮೊದಲೇ ಎಂಜಿನ್ ನಿಂತುಹೋಯಿತು.

ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಸಿಲಿಂಡರುಗಳಿರುವ ಬ್ಲಾಕಿಗೂ ನಡುವಿನ ತೆಳು ಹಾಳೆ) ಬದಲಿಸಿ, ನಮ್ಮ ಬಿಸಿಲಿಗೆ ಬೇಡವೆಂದು ಥರ್ಮೋಸ್ಟ್ಯಾಟನ್ನೂ (ಬಿಸಿಗೆ ತಕ್ಕಂತೆ ನೀರಿನ ಹರಿವನ್ನು ನಿಯಂತ್ರಿಸುವ ಕವಾಟ) ತೆಗೆದುಹಾಕಿದರು. ಎರಡು ತಿಂಗಳಲ್ಲೇ ತೊಂದರೆ ಮರಳಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ರೇಡಿಯೇಟರಿನ ಮೇಲಿನ ಪೈಪು ಕಲ್ಲಿನಂತೆ ಗಟ್ಟಿಯಾಗುತ್ತದೆ, ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ಡಬ್ಬಿಯಲ್ಲಿ ಗುಳ್ಳೆಗಳು ಏಳುತ್ತವೆ, ಮೂರು ದಿನಕ್ಕೊಮ್ಮೆ ಅರ್ಧ ಲೀಟರಿನಷ್ಟು ಬೋರ್‌ವೆಲ್ ನೀರು ಸೇರಿಸಬೇಕಾಗಿದೆ. ಆಯಿಲ್ ಮಾತ್ರ ಸ್ವಚ್ಛವಾಗಿದೆ. ಹಾಗಿದ್ದರೂ ಗ್ಯಾಸ್ಕೆಟ್ ಹೋಗಿರಬಹುದೇ?

ಉತ್ತರ 1: ಕಲಬುರಗಿಯ ಮೆಕ್ಯಾನಿಕ್

ಹೋಗಿರಬಹುದು ಸರ್. ಆಯಿಲಿಗೆ ನೀರು ಸೇರಿ ಹಾಲಿನ ಕೆನೆಯಂತೆ ಆಗಲೇಬೇಕೆಂದೇನೂ ಇಲ್ಲ. ಹೆಡ್ ಗ್ಯಾಸ್ಕೆಟ್ ಸಿಲಿಂಡರಿನ ಗ್ಯಾಸು, ನೀರು, ಆಯಿಲ್ ಈ ಮೂರನ್ನೂ ಬೇರೆಬೇರೆಯಾಗಿ ಇರಿಸುತ್ತದೆ. ಸಿಲಿಂಡರಿಗೂ ನೀರಿನ ದಾರಿಗೂ ನಡುವೆ ಮಾತ್ರ ಅದು ಬಿಟ್ಟಿದ್ದರೆ ಆಯಿಲ್ ಸ್ವಚ್ಛವಾಗಿಯೇ ಉಳಿದು, ನೀವು ಹೇಳಿದ ಲಕ್ಷಣಗಳೇ ಕಾಣಿಸುತ್ತವೆ. ಎಂಜಿನ್ ಇನ್ನೂ ತಣ್ಣಗಿರುವಾಗಲೇ ಪೈಪು ಗಟ್ಟಿಯಾಗುವುದು ನೀರು ಕಾದದ್ದರಿಂದಲ್ಲ, ಸಿಲಿಂಡರಿನ ಒತ್ತಡ ಅದರೊಳಗೆ ನುಗ್ಗುತ್ತಿರುವುದರಿಂದ. ಖಚಿತಪಡಿಸಿಕೊಳ್ಳಲು ಬ್ಲಾಕ್ ಟೆಸ್ಟ್ ಮಾಡಿಸಿ. ರೇಡಿಯೇಟರ್ ಬಾಯಿಯ ಹವೆಯನ್ನು ನೀಲಿ ದ್ರವದೊಳಗೆ ಹಾಯಿಸಿದಾಗ, ಪೆಟ್ರೋಲ್ ಎಂಜಿನ್ನಿನ ಹೊಗೆ ಅದರಲ್ಲಿದ್ದರೆ ದ್ರವ ಹಳದಿಯಾಗುತ್ತದೆ.

ಅಂದು ಮುಳ್ಳು ಇಳಿದದ್ದು ಎಂಜಿನ್ ತಂಪಾದುದರಿಂದ ಆಗಿರಲಾರದು. ಸೆನ್ಸಾರ್ ನೀರಿನಲ್ಲಿ ಮುಳುಗಿದ್ದಾಗ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ನೀರೆಲ್ಲ ಹೊರಚೆಲ್ಲಿ ಅದು ಬರಿಯ ಹವೆಯಲ್ಲಿ ಉಳಿದಾಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೆ ಬರುತ್ತದೆ. ನನ್ನ ಬಳಿ ಬರುವ ಅನೇಕರು ಮೋಸಹೋಗುವುದು ಇಲ್ಲಿಯೇ ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹೆಡ್ ಅಲ್ಯೂಮಿನಿಯಮ್ಮಿನದು. ಬೀಡುಕಬ್ಬಿಣದ ಬ್ಲಾಕಿಗೆ ಹೋಲಿಸಿದರೆ ಅದು ಬಿಸಿಗೆ ಸುಮಾರು ಎರಡರಷ್ಟು ಹಿಗ್ಗುತ್ತದೆ, ಅತಿಯಾಗಿ ಕಾದರೆ ಬೆಂಡ್ ಆಗುತ್ತದೆ. ಬೆಂಡಾದ ಹೆಡ್ಡಿನ ಕೆಳಗೆ ಎಷ್ಟು ಹೊಸ ಗ್ಯಾಸ್ಕೆಟ್ ಹಾಕಿದರೂ ನಿಲ್ಲುವುದಿಲ್ಲ. ನೇರ ಪಟ್ಟಿಯನ್ನು ಉದ್ದಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು, ಅಡಿಯಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ ನೋಡಬೇಕು. ಅನೇಕ ಎಂಜಿನ್ನುಗಳಲ್ಲಿ ಸಂದು 0.05 ಮಿ.ಮೀ. ದಾಟಿದರೆ ಫೇಸಿಂಗ್ (ಯಂತ್ರದಲ್ಲಿ ಹೆರೆದು ಸಮತಟ್ಟು ಮಾಡುವುದು) ಮಾಡಿಸಬೇಕಾಗುತ್ತದೆ. ಬಿರುಕಿದೆಯೇ ಎಂದು ಪ್ರೆಶರ್ ಟೆಸ್ಟ್ ಕೂಡ ಮಾಡಿಸಿ. ಹೆಡ್ ಬೋಲ್ಟುಗಳು ಒಮ್ಮೆ ಮಾತ್ರ ಬಳಸುವಂಥವಾಗಿದ್ದರೆ ಹೊಸವನ್ನೇ ಹಾಕಿಸಿ, ಕಂಪನಿ ಹೇಳಿದ ಕ್ರಮದಲ್ಲಿ ಟಾರ್ಕ್ ರೆಂಚಿನಿಂದ (ಬಿಗಿತವನ್ನು ಅಳೆದು ತೋರಿಸುವ ಪಾನಾ) ಬಿಗಿಸಲು ಹೇಳಿ. ಕೈ ಅಂದಾಜಿನ ಬಿಗಿತವನ್ನು ನೀವು ಒಪ್ಪಬೇಡಿ.

ಥರ್ಮೋಸ್ಟ್ಯಾಟ್ ತೆಗೆದದ್ದು ದೊಡ್ಡ ತಪ್ಪು. ಅದು ಸುಮಾರು 82ರಿಂದ 88 ಡಿಗ್ರಿಯಲ್ಲಿ ತೆರೆದುಕೊಂಡು ನೀರನ್ನು ರೇಡಿಯೇಟರಿಗೆ ಬಿಡುತ್ತದೆ, ಅನೇಕ ಎಂಜಿನ್ನುಗಳಲ್ಲಿ ಅದೇ ವೇಳೆಗೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದಿಲ್ಲದಿದ್ದರೆ ಬೈಪಾಸ್ ಸದಾ ತೆರೆದೇ ಇದ್ದು, ಒಂದಷ್ಟು ಬಿಸಿನೀರು ರೇಡಿಯೇಟರನ್ನು ಮುಟ್ಟದೆ ಎಂಜಿನ್ನಿಗೇ ಹಿಂತಿರುಗುತ್ತದೆ. ನಮ್ಮ ಬಿಸಿಲೂರಿನಲ್ಲಿ ಥರ್ಮೋಸ್ಟ್ಯಾಟ್ ಇನ್ನೂ ಹೆಚ್ಚು ಬೇಕು.

ಉತ್ತರ 2: ಬೀದರಿನ ಟ್ಯಾಕ್ಸಿ ಚಾಲಕ

ಅಣ್ಣನವರೆ, ಮೊದಲು ಆ ಬೋರ್‌ವೆಲ್ ನೀರನ್ನು ನಿಲ್ಲಿಸಿರಿ. ಅಡುಗೆಮನೆಯ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಹೊಪ್ಪಳಿಕೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ನನ್ನ ಹಳೆಯ ಗಾಡಿಯ ರೇಡಿಯೇಟರ್ ಸೋರುತ್ತಿದ್ದಾಗ ಯಾರದೋ ಮಾತು ಕೇಳಿ ಅರಿಶಿನಪುಡಿ ಹಾಕಿದ್ದೆ. ಸೋರಿಕೆ ನಿಂತಿತು, ಆದರೆ ತಿಂಗಳೊಳಗೆ ಅರ್ಧ ಕೊಳವೆಗಳು ಕಟ್ಟಿಕೊಂಡು ಹುಮನಾಬಾದ್ ಹತ್ತಿರ ಗಾಡಿ ಕುದಿಯಿತು. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಅರ್ಧಕ್ಕರ್ಧ ಹಾಕಿಸಿ. ರೇಡಿಯೇಟರ್ ಮುಚ್ಚಳವನ್ನೂ ಬದಲಿಸಿ, ಏಕೆಂದರೆ ಅದು ಒತ್ತಡ ಹಿಡಿದಿಟ್ಟುಕೊಂಡಾಗಲೇ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಉಳಿಯುತ್ತದೆ.

ಮುಳ್ಳು ಏರತೊಡಗಿದರೆ ಎಸಿ ನಿಲ್ಲಿಸಿ, ಹೀಟರ್ ಪೂರ್ತಿ ಹಾಕಿ, ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿರಿ. ಕನಿಷ್ಠ ಅರ್ಧ ಗಂಟೆ ಕಳೆದು, ಪೈಪು ಕೈಗೆ ಮೆತ್ತಗಾಗುವವರೆಗೆ ಮುಚ್ಚಳ ಮುಟ್ಟಬೇಡಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೀಳಬಹುದು.

ಪ್ರಶ್ನೆ ಕೇಳಿದವರು, ಒಂದು ವಾರದ ನಂತರ

ಇಬ್ಬರಿಗೂ ಕೃತಜ್ಞತೆಗಳು. ದ್ರವ ಹಳದಿಯಾಯಿತು. ಬೇರೆ ಗ್ಯಾರೇಜಿನಲ್ಲಿ ಹೆಡ್ ಇಳಿಸಿ ನನ್ನೆದುರಿಗೇ ಪಟ್ಟಿ ಇಟ್ಟರು. ಎರಡನೇ ಮತ್ತು ಮೂರನೇ ಸಿಲಿಂಡರಿನ ನಡುವೆ 0.15 ಮಿ.ಮೀ. ಗೇಜ್ ಸಲೀಸಾಗಿ ಒಳಹೋಯಿತು, ಗ್ಯಾಸ್ಕೆಟ್ ಅದೇ ಜಾಗದಲ್ಲಿ ಸುಟ್ಟು ಕಪ್ಪಾಗಿತ್ತು. ಮೊದಲ ಸಲ ಇದನ್ನು ಯಾರೂ ಅಳೆದಿರಲೇ ಇಲ್ಲ. ರೇಡಿಯೇಟರನ್ನು ಕತ್ತರಿಸಿ ತೋರಿಸಿದಾಗ ಕೆಳಗಿನ ಸಾಲಿನ ಕೊಳವೆಗಳಲ್ಲಿ ಸುಣ್ಣ ಗಟ್ಟಿಯಾಗಿ ಕುಳಿತಿತ್ತು. ಹೆಡ್ ಈಗ ಫೇಸಿಂಗಿಗೆ ಹೋಗಿದೆ. ಹೊಸ ರೇಡಿಯೇಟರ್, ಮುಚ್ಚಳ, ಥರ್ಮೋಸ್ಟ್ಯಾಟ್, ಬೋಲ್ಟುಗಳನ್ನು ತರಿಸಿದ್ದೇನೆ. ಜೋಡಿಸಿದ ಮೇಲೆ ಮೇಲಿನ ಪೈಪು ಹೇಗಿದೆಯೆಂದು ನೋಡಿ ಇಲ್ಲಿಯೇ ಬರೆಯುತ್ತೇನೆ.