ಅಗ್ನಿಶಾಮಕ ಸೇವೆ: ತಡೆಗೆ ಎಷ್ಟು, ನಂದಿಸಲು ಎಷ್ಟು?

ಪ್ರಶ್ನೆ (ಚಿಕ್ಕಮಗಳೂರು ನಿವಾಸಿ):
1944ರ ಮುಂಬೈ ಬಂದರಿನ ಸ್ಫೋಟದ ನೆನಪಿನಲ್ಲಿ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಆ ಒಂದು ವಾರದ ಪ್ರಾತ್ಯಕ್ಷಿಕೆ ಮುಗಿದ ಮೇಲೆ ಬೆಂಕಿ ತಡೆಯುವ ಮಾತು ಹಿಂದೆ ಸರಿಯುತ್ತದೆ. ಇರುವ ಸಿಬ್ಬಂದಿಯನ್ನು ತಪಾಸಣೆಗೆ ಹೆಚ್ಚು ತೊಡಗಿಸಬೇಕೇ ಅಥವಾ ಕರೆಗಳಿಗೆಂದೇ ಸಜ್ಜಾಗಿ ಇರಿಸಬೇಕೇ?

ಉತ್ತರ (ನಿವೃತ್ತ ಸಿಬ್ಬಂದಿ):
ತಪಾಸಣೆಗೇ ನನ್ನ ಒಲವು. ಬೆಂಕಿ ಹೊತ್ತಿದ ಮೊದಲ ಕೆಲವು ನಿಮಿಷಗಳೇ ನಿರ್ಣಾಯಕವಾಗಿದ್ದು, ನಮ್ಮ ವಾಹನ ಘಾಟಿಯ ತಿರುವುಗಳನ್ನು ಹತ್ತಿ ತೋಟದೊಳಗಿನ ಹೋಂಸ್ಟೇ ತಲುಪುವಷ್ಟರಲ್ಲಿ ಅವು ಕಳೆದಿರುತ್ತವೆ. ಒಂದೆಡೆ ತಪಾಸಣೆಗೆ ಹೋದಾಗ ಅಗ್ನಿನಂದಕದ ಒತ್ತಡದ ಮುಳ್ಳು ಕೆಂಪು ಪಟ್ಟಿಗೆ ಇಳಿದಿತ್ತು, ಅದರ ಹಿಡಿಗೆ ಒದ್ದೆ ಕೊಡೆಯೊಂದನ್ನು ನೇತುಹಾಕಿದ್ದರು!

ಉತ್ತರ (ಕಾಫಿ ಬೆಳೆಗಾರ):
ಹೋಂಸ್ಟೇಗಳ ಮಟ್ಟಿಗೆ ಒಪ್ಪುತ್ತೇನೆ. ಆದರೆ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಹುಲ್ಲುಗಾವಲಿಗೆ ನೀರಿನ ವಾಹನ ಏರುವುದೇ ಇಲ್ಲ; ಬೇಸಿಗೆಗೆ ಮುನ್ನ ಹುಲ್ಲು ಸವರಿ ಬೆಂಕಿರೇಖೆ ಮಾಡಿದ್ದರೂ ಗಾಳಿಯ ದಿನ ಕಿಡಿ ಅದನ್ನು ದಾಟುತ್ತದೆ, ಆಗ ಹಸಿ ಸೊಪ್ಪಿನ ಕೊಂಬೆಯಿಂದ ಬಡಿದು ಆರಿಸಲು ಪಳಗಿದ ಕೈಗಳೇ ಬೇಕು.

ಪ್ರಶ್ನೆ ಕೇಳಿದವರು:
ಹಾಗಾದರೆ ಪೇಟೆಯಲ್ಲಿ ತಪಾಸಣೆಯನ್ನು ಮಳೆಗಾಲದಲ್ಲೇ ಮುಗಿಸಿ, ಫೆಬ್ರವರಿಯಿಂದ ಸಿಬ್ಬಂದಿಯನ್ನು ಕರೆಗಳಿಗೆ ಬಿಡುವುದು ಸಾಧ್ಯವೇ?

ಉತ್ತರ (ನಿವೃತ್ತ ಸಿಬ್ಬಂದಿ):
ಬಹುಮಟ್ಟಿಗೆ ಸಾಧ್ಯ. ದೀಪಾವಳಿಯ ಪಟಾಕಿ ಮಳಿಗೆಗಳನ್ನು ಮಾತ್ರ ಆಯಾ ಸಮಯದಲ್ಲೇ ನೋಡಬೇಕಾಗುತ್ತದೆ.