ಓಡುತ್ತಿರುವ ಪ್ರೋಸೆಸ್ ಯಾವ ಫೈಲಿನದು ಅಂತ ಸಿ ಪ್ರೋಗ್ರಾಂನಲ್ಲಿ ತಿಳಿಯೋದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಲಿನಕ್ಸ್‌ನಲ್ಲಿ ಸಿ ಬಳಸಿ ಒಂದು ಕಾವಲು ಪ್ರೋಗ್ರಾಂ ಬರೆದಿದ್ದೇನೆ. 'ಟೆಂಪರೇಚರ್-ಲಾಗರ್' ಅನ್ನೋ ಇನ್ನೊಂದು ಪ್ರೋಗ್ರಾಂ ಓಡುತ್ತಿದೆಯಾ ಅಂತ ಅದು ನಿಮಿಷಕ್ಕೊಮ್ಮೆ ನೋಡಬೇಕು, ಇಲ್ಲದಿದ್ದರೆ ಶುರು ಮಾಡಬೇಕು. ಓಡುತ್ತಿರುವ ಪ್ರೋಸೆಸ್‌ಗಳ ಮಾಹಿತಿ ಇರುವ /ಪ್ರಾಕ್ ಫೋಲ್ಡರ್ ಒಳಗೆ ಪ್ರತಿ ಪಿಐಡಿಯ (ಪ್ರೋಸೆಸ್ ನಂಬರ್) 'ಕಾಮ್' ಫೈಲ್ ಓದಿ, ಕೊನೆಯ ನ್ಯೂಲೈನ್ ತೆಗೆದು, ಹೆಸರು ಹೋಲಿಸುತ್ತೇನೆ. ಬೆಳಗ್ಗೆ ಬಂದು ನೋಡಿದರೆ ಲಾಗರ್‌ನ ನೂರಾರು ಕಾಪಿ ಓಡುತ್ತಿದ್ದವು! ಕಾಮ್‌ನಲ್ಲಿ ಹೆಸರು ಸರಿಯಾಗೇ ಕಾಣುತ್ತಿದೆ. ಎಲ್ಲಿ ತಪ್ಪಿದ್ದೇನೆ?

ಉತ್ತರ: ಕಾಮ್‌ನಲ್ಲಿ ಬಂದ ಹೆಸರಿನ ಅಕ್ಷರ ಎಣಿಸಿ ನೋಡಿ. ಇಂಗ್ಲಿಷ್‌ನಲ್ಲಿ ನಿಮ್ಮ ಪ್ರೋಗ್ರಾಂ ಹೆಸರು ಅಡ್ಡಗೆರೆ ಸೇರಿ 18 ಅಕ್ಷರ. ಕರ್ನಲ್ (ಲಿನಕ್ಸ್‌ನ ತಿರುಳು) ಆ ಹೆಸರಿಗೆ ಇಟ್ಟಿರುವ ಜಾಗ 16 ಬೈಟ್. ಕೊನೆಯದು ಸ್ಟ್ರಿಂಗ್ ಮುಗಿಯಿತು ಅಂತ ತೋರಿಸುವ ಸೊನ್ನೆ ಬೈಟ್‌ಗೆ ಹೋದರೆ ಉಳಿಯೋದು 15. ಹಾಗಾಗಿ ಅಲ್ಲಿರುವುದು 'ಟೆಂಪರೇಚರ್-ಲಾಗ್' ಅಷ್ಟೇ, ಕೊನೆಯ ಮೂರು ಅಕ್ಷರ ಇಲ್ಲ. ಪೂರ್ತಿ ಹೆಸರಿನ ಜೊತೆ ಅದು ಎಂದೂ ಹೊಂದುವುದಿಲ್ಲ, ಅದಕ್ಕೇ ನಿಮ್ಮ ಪ್ರೋಗ್ರಾಂ ನಿಮಿಷಕ್ಕೊಂದು ಹೊಸ ಕಾಪಿ ಶುರು ಮಾಡಿದೆ. ಕತ್ತರಿಸಿದ ಮೇಲೂ ಅದು ಅರ್ಥವಿರುವ ಪದವೇ ಆಗಿದೆ, ಅದಕ್ಕೇ ಕಣ್ಣಿಗೆ ಬಿದ್ದಿಲ್ಲ.

ಉದ್ದ ಒಂದೇ ತೊಂದರೆ ಅಲ್ಲ. ಯಾವ ಪ್ರೋಸೆಸ್ ಬೇಕಾದರೂ ಪಿಆರ್‌ಸಿಟಿಎಲ್ ಅನ್ನೋ ಫಂಕ್ಷನ್ ಕರೆದು ಆ ಹೆಸರನ್ನು ಬದಲಿಸಿಕೊಳ್ಳಬಹುದು. 'ಆರ್ಗ್‌ವಿ'ಯ (ಮೇನ್ ಫಂಕ್ಷನ್‌ಗೆ ಬರುವ ಪದಗಳ ಪಟ್ಟಿ) ಮೊದಲ ಸ್ಟ್ರಿಂಗ್ ಕೂಡ ನಂಬುವಂಥದ್ದಲ್ಲ. ಪ್ರೋಗ್ರಾಂ ಶುರು ಮಾಡಿದವರು ಏನು ಕೊಟ್ಟರೋ ಅದು. ಲಾಗಿನ್ ಆದಾಗ ಬರುವ ಬ್ಯಾಶ್‌ನ ಹೆಸರಿನ ಮುಂದೆ ಒಂದು ಅಡ್ಡಗೆರೆ ಇರುತ್ತದಲ್ವಾ, ಅದು ಹೀಗೇ ಬಂದದ್ದು.

ನಿಮಗೆ ಬೇಕಿರುವುದು ಪ್ರೋಸೆಸ್ ಇಟ್ಟುಕೊಂಡ ಹೆಸರಲ್ಲ, ಅದು ಯಾವ ಫೈಲಿನಿಂದ ಓಡುತ್ತಿದೆ ಅನ್ನೋದು. ಕಾಮ್ ಇರುವ ಫೋಲ್ಡರ್‌ನಲ್ಲೇ 'ಎಕ್ಸ್‌ಇ' ಅಂತ ಒಂದು ಸಿಂಬಾಲಿಕ್ ಲಿಂಕ್ (ಇನ್ನೊಂದು ಫೈಲನ್ನು ತೋರಿಸುವ ಕೊಂಡಿ) ಇದೆ. ಅದನ್ನು ರೀಡ್‌ಲಿಂಕ್ ಫಂಕ್ಷನ್‌ನಿಂದ ಓದಿದರೆ ಪೂರ್ತಿ ಪಾತ್ ಸಿಗುತ್ತದೆ. ನಿಮ್ಮದೇ ಪ್ರೋಸೆಸ್‌ಗಾದರೆ ಪಿಐಡಿ ಜಾಗದಲ್ಲಿ 'ಸೆಲ್ಫ್' ಅಂತ ಹಾಕಿ.

ಇಲ್ಲಿ ಒಂದು ಕಡೆ ಜಾಸ್ತಿ ಜನ ಎಡವುತ್ತಾರೆ. ರೀಡ್‌ಲಿಂಕ್ ಕೊನೆಗೆ ಸೊನ್ನೆ ಬೈಟ್ ಹಾಕುವುದಿಲ್ಲ. 4096 ಬೈಟ್‌ನ ಬಫರ್ ಇಟ್ಟರೆ, ರೀಡ್‌ಲಿಂಕ್‌ಗೆ ಅದರ ಅಳತೆ 4095 ಅಂತ ಹೇಳಿ. ಅದು ವಾಪಸ್ ಕೊಟ್ಟ ಸಂಖ್ಯೆಯ ಜಾಗದಲ್ಲಿ ನೀವೇ ಸೊನ್ನೆ ಬರೆಯಿರಿ. ಆದರೆ ಅದು ಮೈನಸ್ 1 ಅಲ್ಲ ಅಂತ ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ ಬಫರ್‌ನ ಹಿಂದಿನ ಬೈಟ್ ಕೆಡುತ್ತದೆ. ಬಫರ್ ಸಾಲದಿದ್ದರೆ ಎರರ್ ಬರುವುದಿಲ್ಲ, ಸುಮ್ನೆ ಕತ್ತರಿಸಿ ಕೊಡುತ್ತದೆ. ಪೂರ್ತಿ 4095 ಬಂದರೆ ಅನುಮಾನ ಪಡಿ.

ಮರುಪ್ರಶ್ನೆ: ಹೆಸರು ಬಂತು ಸರ್, ತುಂಬಾ ಥ್ಯಾಂಕ್ಸ್. ಆದರೆ ಕೆಲವು ಪಿಐಡಿಗೆ ಪರ್ಮಿಷನ್ ಎರರ್ ಬರುತ್ತದೆ. ಲಾಗರ್‌ನ ಹೊಸ ವರ್ಷನ್ ಹಾಕಿದ ಮೇಲೆ ಪಾತ್‌ನ ಕೊನೆಗೆ ಕಂಸದಲ್ಲಿ 'ಡಿಲೀಟೆಡ್' ಅಂತಲೂ ಬಂತು.

ಉತ್ತರ: ಬೇರೆ ಯೂಸರ್‌ನ ಪ್ರೋಸೆಸ್ ಆದರೆ ಎಕ್ಸ್‌ಇ ಓದಲು ಬಿಡುವುದಿಲ್ಲ. ಕಾವಲು ಪ್ರೋಗ್ರಾಂ ಅನ್ನು ಲಾಗರ್ ಓಡುವ ಯೂಸರ್‌ನಲ್ಲೇ ಓಡಿಸಿ. ಕರ್ನಲ್ ಥ್ರೆಡ್‌ಗಳಿಗೆ ಫೈಲೇ ಇಲ್ಲ, ಅವನ್ನು ದಾಟಿಬಿಡಿ.

'ಡಿಲೀಟೆಡ್' ಬಂದರೆ ಹಳೆಯ ಫೈಲನ್ನು ಅಳಿಸಿ ಆ ಜಾಗಕ್ಕೆ ಹೊಸದು ಬಂದಿದೆ, ಪ್ರೋಸೆಸ್ ಇನ್ನೂ ಹಳೆಯದರಿಂದಲೇ ಓಡುತ್ತಿದೆ ಅಂತ ಅರ್ಥ. ಅದನ್ನು ರೀಸ್ಟಾರ್ಟ್ ಮಾಡಿ, ಪಕ್ಕದಲ್ಲೇ ಇನ್ನೊಂದು ಕಾಪಿ ಎಬ್ಬಿಸಬೇಡಿ.

ಇನ್ನೊಬ್ಬ ಸದಸ್ಯರು: ನನ್ನದು ಪೈಥಾನ್ ಸ್ಕ್ರಿಪ್ಟ್. ಎಕ್ಸ್‌ಇ ಓದಿದರೆ ಪೈಥಾನ್‌ನ ಪಾತ್ ಮಾತ್ರ ಬರುತ್ತದಲ್ಲ?

ಉತ್ತರ: ಹೌದು, ಓಡುತ್ತಿರುವುದು ಪೈಥಾನೇ. ಸ್ಕ್ರಿಪ್ಟ್ ಹೆಸರಿಗೆ ಅದೇ ಫೋಲ್ಡರ್‌ನ 'ಸಿಎಂಡಿಲೈನ್' ಫೈಲ್ ನೋಡಿ. ಅದರಲ್ಲಿ ಪದಗಳ ನಡುವೆ ಸ್ಪೇಸ್ ಇರುವುದಿಲ್ಲ, ಸೊನ್ನೆ ಬೈಟ್ ಇರುತ್ತದೆ. ಪ್ರಿಂಟ್‌ಎಫ್‌ಗೆ ಹಾಗೇ ಕೊಟ್ಟರೆ ಮೊದಲ ಪದಕ್ಕೇ ನಿಲ್ಲುತ್ತದೆ. ಅಂದಹಾಗೆ ವಿಂಡೋಸ್, ಮ್ಯಾಕ್‌ನಲ್ಲಿ /ಪ್ರಾಕ್ ಇಲ್ಲ. ಮ್ಯಾಕ್‌ನಲ್ಲಿ ಪ್ರಾಕ್-ಪಿಡ್‌ಪಾತ್, ವಿಂಡೋಸ್‌ನಲ್ಲಿ ಕ್ವೆರಿ-ಫುಲ್-ಪ್ರೋಸೆಸ್-ಇಮೇಜ್-ನೇಮ್ ಅನ್ನೋ ಫಂಕ್ಷನ್ ಇವೆ.

ಮೊದಲು ಕೇಳಿದವರಿಗೆ ಇನ್ನೊಂದು ಮಾತು. ಎರಡು ಕಾಪಿ ಓಡಬಾರದು ಅನ್ನೋದೇ ಮುಖ್ಯವಾದರೆ ಹೆಸರು ಹುಡುಕುವುದನ್ನು ನಾನು ನೆಚ್ಚಿಕೊಳ್ಳುವುದಿಲ್ಲ. ಲಾಗರ್ ಶುರುವಾದ ಕೂಡಲೇ ಒಂದು ಫೈಲ್ ತೆರೆದು ಫ್ಲಾಕ್ ಅನ್ನೋ ಫಂಕ್ಷನ್‌ನಿಂದ ಅದಕ್ಕೆ ಲಾಕ್ ಹಾಕಲಿ, ಕಾಯದೆ ವಾಪಸ್ ಬರುವ ಫ್ಲ್ಯಾಗ್ ಜೊತೆಗೆ. ಲಾಕ್ ಸಿಗದ ಕಾಪಿ ಅಲ್ಲೇ ನಿಲ್ಲಲಿ. ಲಾಗರ್ ಚೈಲ್ಡ್ ಪ್ರೋಸೆಸ್ ಹುಟ್ಟಿಸುವುದಿಲ್ಲ ಅಲ್ವಾ? ಹಾಗಿದ್ದರೆ ಅದು ಹೇಗೇ ಸತ್ತರೂ ಕರ್ನಲ್ ಆ ಲಾಕ್ ಬಿಡಿಸುತ್ತದೆ.